ನನ್ನ ಬೆಳ್ಳಿ ಡಾಲರಿಗೆ ಎರಡು ಸಲ ಅಂಕ ಕೊಟ್ಟವರಿಗೆ

ನಾಣ್ಯಗಳಿಗೆ ಅಂಕ ಕೊಡುವ ಕಂಪನಿಯ ಅಧ್ಯಕ್ಷರ ಸನ್ನಿಧಿಗೆ,

ಮಾನ್ಯರೇ,

ಅಯೋವಾದ ಜೋಳದ ಹೊಲಗಳ ನಡುವಿನ ಒಂದು ಸಣ್ಣ ಊರಿನಿಂದ ಅರ್ಡಿತ್ ಹಾರ್ಮ್ಸ್ ಎಂಬ ಗೃಹಿಣಿಯ ಸವಿನಯ ವಂದನೆಗಳು. ತಾವೂ ತಮ್ಮ ಭೂತಗನ್ನಡಿಗಳೂ ಕ್ಷೇಮವೆಂದು ನಂಬಿದ್ದೇನೆ. ಇದು ಊರ ಪತ್ರಿಕೆಯಲ್ಲಿ ಅಚ್ಚಾಗುವ ಬಹಿರಂಗ ಪತ್ರವಾದ್ದರಿಂದ ತಮ್ಮ ಕಂಪನಿಯ ಹೆಸರನ್ನು ಮರ್ಯಾದೆಗಾಗಿ ಬಿಟ್ಟಿದ್ದೇನೆ. ಓದುತ್ತಾ ಹೋದಂತೆ ಯಾರ ಕಿವಿ ಬಿಸಿಯಾಗುತ್ತದೋ ಅವರೇ ತಾವು ಎಂದು ತಿಳಿಯತಕ್ಕದ್ದು.

ಕಳೆದ ಶರತ್ಕಾಲದಲ್ಲಿ ಪಕ್ಕದೂರಿನ ಹರಾಜಿನಲ್ಲಿ ನಾನೊಂದು ಹಳೆಯ ಹೊಲಿಗೆ ಯಂತ್ರ ಕೊಂಡೆ. ಅದರ ಡ್ರಾಯರಿನಲ್ಲಿ, ಫ್ಲಾನೆಲ್ ಬಟ್ಟೆಯ ಸುರುಳಿಯೊಳಗೆ, ನೂರು ವರ್ಷಕ್ಕೂ ಹಿಂದಿನ ಒಂದು ಬೆಳ್ಳಿ ಡಾಲರ್ ಮಲಗಿತ್ತು. ಒಂದೇ ಒಂದು ಅಂಗಡಿಯ ಮುಖವನ್ನೂ ನೋಡದೆ ಟಂಕಸಾಲೆಯಿಂದ ನೇರವಾಗಿ ಬಂದು ಮಲಗಿತ್ತೇನೋ ಎನ್ನುವಷ್ಟು ಹೊಳಪು. ನನ್ನ ಯಜಮಾನರಾದ ವರ್ಲಿನ್, ಶಾಲೆಯ ಬ್ಯಾಂಡ್ ಮೇಷ್ಟರಾಗಿ ನಿವೃತ್ತರಾದವರು, ಅದನ್ನು ಅಂಚಿನಲ್ಲಿ ಹಿಡಿದುಕೊಂಡು ಕಿಟಕಿಯ ಬಳಿಗೆ ಹೋದವರು ಊಟಕ್ಕೂ ಬರಲಿಲ್ಲ. ಸಂಜೆಗೆ ಅವರ ಗೆಳೆಯ ಡೆಲ್ಮರ್ ಆಬ್ಬನ್ ಬಂದರು. ಬಿತ್ತನೆ ಬೀಜ ಮಾರುವ ಡೆಲ್ಮರ್ ನಮ್ಮೂರ ನಾಣ್ಯಸಂಘದ ಅಧ್ಯಕ್ಷರು, ಹೆಂಡತಿ ತೀರಿಕೊಂಡ ಮೇಲೆ ಪ್ರತಿ ಭಾನುವಾರ ನಮ್ಮಲ್ಲೇ ಊಟ ಮಾಡುವವರು. ಅಂದಿನಿಂದ ಭಾನುವಾರವೆನ್ನುವುದು ವಾರಪೂರ್ತಿ ಹರಡಿಕೊಂಡಿತು.

ಪ್ರಶ್ನೆ ಒಂದೇ: ನಾಣ್ಯವನ್ನು ತಮ್ಮ ಬಳಿಗೆ ಅಂಕಕ್ಕೆ ಕಳಿಸಬೇಕೇ, ಬೇಡವೇ? ಅಂಕ ಏರಿದಷ್ಟೂ ನಾಣ್ಯದ ಬೆಲೆ ಏರುತ್ತದಂತೆ. ವರ್ಲಿನ್ ಬೇಕು ಎಂದರು. ಡೆಲ್ಮರ್ ಬೇಡವೆಂದರು; ಈ ಇಸವಿಯ ಡಾಲರುಗಳು ಬೇಕಾದಷ್ಟು ಸಿಗುತ್ತವೆ, ಅರುವತ್ತೈದು ಬಂದರೆ ತಮ್ಮ ಕಂಪನಿಯ ಶುಲ್ಕವೂ ಹುಟ್ಟುವುದಿಲ್ಲ, ಅರುವತ್ತಾರು ಬಂದರೆ ಸರಿಗೆ ಸರಿ, ಅರುವತ್ತೇಳು ಬಂದರಷ್ಟೇ ಹಬ್ಬ ಎನ್ನುವುದು ಅವರ ವಾದ. ಈ ಅಂಕಗಳೆಲ್ಲ ಎಪ್ಪತ್ತಕ್ಕೆ. ನೂರಕ್ಕೆ ಏಕಿಲ್ಲ ಎಂದು ಕೇಳಿದ್ದಕ್ಕೆ ಇಬ್ಬರೂ ನನ್ನನ್ನು ಕನಿಕರದಿಂದ ನೋಡಿದರು. ಉಳಿದ ಮೂವತ್ತನ್ನು ತಾವು ಯಾವ ಮಹಾತ್ಮರಿಗಾಗಿ ಕಾದಿರಿಸಿದ್ದೀರೋ, ಬಿಡುವಾದಾಗ ತಿಳಿಸಬೇಕು.

ಚರ್ಚೆಯೆಲ್ಲ ನಾಣ್ಯದ ಮೇಲಿನ ಸ್ವಾತಂತ್ರ್ಯದೇವಿಯ ಕೆನ್ನೆಗೆ ಸಂಬಂಧಿಸಿದ್ದು. ಅಲ್ಲೊಂದು ಕೂದಲೆಳೆಯಂಥ ಗೀರಿತ್ತು. ಅದು ಗೀರೋ, ಟಂಕಸಾಲೆಯ ಚೀಲದಲ್ಲಿ ಬೇರೆ ನಾಣ್ಯ ತಗುಲಿದ ಗುರುತೋ, ಬರಿಯ ನೆರಳೋ ಎಂದು ಇಬ್ಬರು ಗಂಡಸರು ಚಳಿಗಾಲವಿಡೀ ನನ್ನ ಅಡುಗೆಮನೆಯ ದೀಪದಡಿ ಕೂತು ಆ ಹೆಂಗಸಿನ ಕೆನ್ನೆಯನ್ನು ಓರೆ ಮಾಡಿ, ನೇರ ಮಾಡಿ, ಉಸಿರು ಬಿಗಿಹಿಡಿದು ನೋಡಿದರು. ಮದುವೆಯಾದ ಮೇಲೆ ನನ್ನ ಕೆನ್ನೆಯನ್ನು ಯಾರೂ ಅಷ್ಟು ಶ್ರದ್ಧೆಯಿಂದ ನೋಡಿದ್ದಿಲ್ಲ ಎನ್ನುವುದು ದೂರಲ್ಲ, ಮಾಹಿತಿ.

ತಮ್ಮ ವಿದ್ಯೆಯ ಪ್ರಭಾವ ನಾಣ್ಯಕ್ಕೇ ನಿಲ್ಲಲಿಲ್ಲ. ಪಾದ್ರಿಗಳ ಉಪದೇಶಕ್ಕೆ ಐವತ್ತೆಂಟು ಬಂತು. ಎದುರು ಮನೆಯವರ ಹೊಸ ಹಸುಗೂಸಿಗೆ ಅರುವತ್ತಾರು ಕೊಟ್ಟ ವರ್ಲಿನ್, ಕಿವಿ ಸ್ವಲ್ಪ ನೆಟ್ಟಗಿದ್ದಿದ್ದರೆ ಅರುವತ್ತೇಳು ಕೊಡಬಹುದಿತ್ತು ಎಂದು ಮಗುವಿನ ತಾಯಿಗೇ ವಿವರಿಸಿ ಬಂದರು. ನಾನು ಕೊಚ್ಚಿದ ಮಾಂಸದಿಂದ ಬೇಯಿಸಿದ ಮೀಟ್‌ಲೋಫನ್ನು ಒಂದು ತುತ್ತು ತಿಂದು, "ಚೆನ್ನಾಗಿದೆ ಕಣೇ, ಅಂಚು ಮಾತ್ರ ಸ್ವಲ್ಪ ಸವೆದಿದೆ" ಎಂದ ದಿನವೇ ನಾನು, ಈ ಪೀಡೆ ಹೇಗಾದರೂ ಮುಗಿಯಲಿ ಎಂದು ಕಳಿಸುವುದೇ ಸರಿ ಎಂದುಬಿಟ್ಟೆ.

ಕಳಿಸಿದರು. ಅರುವತ್ತಾರು ಬಂತು. ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ, ಇನ್ನು ಯಾವ ಮನುಷ್ಯನೂ ಮುಟ್ಟಲಾಗದಂತೆ, ತೆರೆದ ಶವಪೆಟ್ಟಿಗೆಯಲ್ಲಿನ ಹೆಣದಂತೆ ಮಲಗಿ ಬಂದ ಅದನ್ನು ನೋಡಿ ವರ್ಲಿನ್ ತೃಪ್ತರಾದರು. ಆದರೆ ಕಳಿಸುವುದೇ ಬೇಡ ಎಂದಿದ್ದ ಡೆಲ್ಮರ್ ಈಗ ಕೆರಳಿದರು. ಅರುವತ್ತೇಳು ಕೊಡಬೇಕಿತ್ತು, ನೋಡಿದವನಿಗೆ ಅವತ್ತು ಹೊಟ್ಟೆ ಸರಿಯಿರಲಿಲ್ಲವೋ ಏನೋ, ಪೆಟ್ಟಿಗೆ ಒಡೆದು ಮತ್ತೆ ಕಳಿಸೋಣ, ಎಲ್ಲರೂ ಹಾಗೇ ಮಾಡುತ್ತಾರೆ ಎಂದು ಬೆನ್ನು ಹತ್ತಿದರು. ಗೆಳೆತನಕ್ಕೆ ಕಟ್ಟುಬಿದ್ದು ವರ್ಲಿನ್ ಒಪ್ಪಿದರು.

ಗ್ಯಾರೇಜಿನಲ್ಲಿ ಚಳಿ ಎಂದು ಒಡೆಯುವ ಕೆಲಸ ನನ್ನ ಅಡುಗೆಮನೆಗೆ ಬಂತು. ವರ್ಲಿನ್ ಹಿಡಿದರು, ಡೆಲ್ಮರ್ ಇಕ್ಕಳದಿಂದ ಅದುಮಿದರು. ಪ್ಲಾಸ್ಟಿಕ್ ಪಟ್ಟೆಂದಿತು, ದೇವಿ ಗಾಳಿಯಲ್ಲಿ ಎರಡು ಪಲ್ಟಿ ಹೊಡೆದು, ಚರ್ಚಿನ ಮಹಿಳಾ ಸಂಘಕ್ಕೆಂದು ನಾನು ಮಾಡಿಟ್ಟಿದ್ದ ಕ್ಯಾರೆಟ್ ಹಾಕಿದ ನಿಂಬೆ ಜೆಲ್ಲಿಯ ಬೋಗುಣಿಗೆ ಇಳಿದು, ಯಾವ ಅವಸರವೂ ಇಲ್ಲದೆ ತಳ ಸೇರಿದಳು. ಜೆಲ್ಲಿಗೆ ಕೈ ಹಾಕಲು ನಾನು ಬಿಡಲಿಲ್ಲ, ಗೀರು ಬೀಳುತ್ತದೆಂದು ಚಮಚ ಹಾಕಲು ಅವರು ಬಿಡಲಿಲ್ಲ. ಕೊನೆಗೆ ಹೇಗೋ ಹೊರಬಂದದ್ದನ್ನು ವರ್ಲಿನ್ ನಲ್ಲಿಯ ನೀರಿನಲ್ಲಿ ತೊಳೆದರು, ಡೆಲ್ಮರ್ ತಮ್ಮ ಅಂಗಿಯ ತುದಿಯಲ್ಲಿ ಒತ್ತಿ ಒರೆಸಿದರು, ಮಹಿಳಾ ಸಂಘದವರು ಜೆಲ್ಲಿಯನ್ನು ತುಂಬ ಹೊಗಳಿದರು.

ಈ ಸಲ ತಾವು ಕೊಟ್ಟದ್ದು ಅರುವತ್ತನಾಲ್ಕು.

ಮಾನ್ಯರೇ, ಅದೇ ನಾಣ್ಯ, ಅದೇ ಕೆನ್ನೆ, ಅದೇ ತಮ್ಮ ಕಂಪನಿ. ಜೆಲ್ಲಿಯಿಂದ ಎರಡು ಅಂಕ ಇಳಿಯುವುದಾದರೆ ಯಾವ ಹಣ್ಣಿನ ಜೆಲ್ಲಿ ಸುರಕ್ಷಿತ ಎಂದು ತಮ್ಮ ನಿಯಮಾವಳಿಯಲ್ಲಿ ಸೇರಿಸಬೇಕು. ಇಲ್ಲವಾದರೆ ತಮ್ಮ ಪರೀಕ್ಷಕರನ್ನೂ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಇಟ್ಟು ಮೊಹರು ಮಾಡಬೇಕು. ಗಾಳಿ ತಾಗಿದರೆ ಅವರ ಅಭಿಪ್ರಾಯ ಬಣ್ಣ ಬದಲಿಸುತ್ತಿರುವಂತಿದೆ.

ತೊಳೆದದ್ದರಿಂದಲೇ ಹಾಳಾಯಿತು ಎಂದರು ಡೆಲ್ಮರ್. ಅಂಗಿಯಿಂದ ಒರೆಸಿದ್ದರಿಂದ ಎಂದರು ವರ್ಲಿನ್. ಮಾತು ಬೆಳೆದು, ನಾಣ್ಯ ಬಿಟ್ಟು, ಎಂದೋ ಕೊಟ್ಟು ಮರಳದ ಏಣಿಯವರೆಗೆ ಹೋಗಿ, ನಿಂತೇಹೋಯಿತು. ಮುಂದಿನ ಭಾನುವಾರ ಡೆಲ್ಮರ್ ಬರಲಿಲ್ಲ, ಅದರ ಮುಂದಿನ ಭಾನುವಾರವೂ ಇಲ್ಲ. ಚರ್ಚಿನ ಬಯಲಲ್ಲಿ ಅವರು ತಮ್ಮ ಟ್ರಕ್ಕಿನೊಳಗೇ ಕೂತು ಬ್ರೆಡ್ಡು ತಿನ್ನುವುದನ್ನು ನಾನು ಕಂಡೆ. ಮನೆಯಲ್ಲಿ ವರ್ಲಿನ್ ಯಾವುದಕ್ಕೂ ಅಂಕ ಕೊಡುವುದನ್ನು ನಿಲ್ಲಿಸಿದ್ದರು. ಅಷ್ಟು ದಿನ ಬೇಡಿಕೊಂಡಿದ್ದ ಮೌನ ಸಿಕ್ಕಾಗ ನನಗದು ಬೇಡವಾಗಿತ್ತು.

ಹತ್ತಿರದ ವಾಟರ್‌ಲೂ ನಗರದ ನಾಣ್ಯಮೇಳದ ದಿನ ವರ್ಲಿನ್‌ರನ್ನು ಕಾರಿನಲ್ಲಿ ಕೂರಿಸಿಕೊಂಡು ಡೆಲ್ಮರ್ ಮನೆ ಮುಂದೆ ನಿಲ್ಲಿಸಿದೆ. ಡೆಲ್ಮರ್ ಬಾಗಿಲಲ್ಲಿ ನಿಂತರು, ವರ್ಲಿನ್ ಕಾರಿನಿಂದ ಇಳಿಯಲಿಲ್ಲ.

"ಹೊಲಿಗೆ ಮಿಷಿನ್ ನಂದು, ಅದರ ಡ್ರಾಯರ್ ನಂದು, ಒಳಗಿದ್ದ ಡಾಲರೂ ನಂದೇ," ಎಂದೆ. "ಇಷ್ಟು ತಿಂಗಳಲ್ಲಿ ನಿಮ್ಮಿಬ್ಬರಲ್ಲಿ ಒಬ್ಬರಾದ್ರೂ ನನ್ನ ಕೇಳಿದ್ರಾ?"

ಡೆಲ್ಮರ್ ಟೋಪಿ ತೆಗೆದರು. "ಕೇಳಿದ್ರೆ ಏನಂತಿದ್ರಿ?"

"ಮಾರಿಬಿಡಿ ಅಂತಿದ್ದೆ. ಹತ್ತಿ ಈಗ, ಹಿಂದಿನ ಸೀಟು ಖಾಲಿಯಿದೆ."

ಮೇಳದಲ್ಲಿ ಎಳೆಗಡ್ಡದ ಒಬ್ಬ ವ್ಯಾಪಾರಿ ಪೆಟ್ಟಿಗೆಯನ್ನು ಓರೆ ಮಾಡಿ, ನೇರ ಮಾಡಿ, ಉಸಿರು ಬಿಗಿಹಿಡಿದು ನೋಡಿ, ನಾನು ಕೇಳಿದ್ದನ್ನು ಕೊಟ್ಟ. ಆಮೇಲೆ ಗುಟ್ಟಿನ ದನಿಯಲ್ಲಿ, "ಅರುವತ್ನಾಲ್ಕಂತೆ, ಕಣ್ಣಿಲ್ಲ ಅವ್ರಿಗೆ. ಒಡೆದು ಮತ್ತೆ ಕಳಿಸ್ತೀನಿ, ನೋಡ್ತಿರಿ" ಎಂದ.

ನನ್ನ ಎಡಕ್ಕೂ ಬಲಕ್ಕೂ ನಿಂತಿದ್ದ ಇಬ್ಬರೂ ಮೊದಲು ನೆಲ ನೋಡಿದರು, ಆಮೇಲೆ ಪರಸ್ಪರ ನೋಡಿದರು. ಪಾರ್ಕಿಂಗ್ ಜಾಗ ತಲಪುವ ಹೊತ್ತಿಗೆ ಆ ವ್ಯಾಪಾರಿಯಷ್ಟು ಪೆದ್ದನನ್ನು ಜನ್ಮದಲ್ಲಿ ಕಂಡೇ ಇಲ್ಲ ಎಂಬ ವಿಷಯದಲ್ಲಿ ಅವರಲ್ಲಿ ಪೂರ್ಣ ಒಮ್ಮತ ಮೂಡಿತ್ತು. ವಾಪಸು ದಾರಿಯುದ್ದಕ್ಕೂ ತಮ್ಮ ಕಂಪನಿಯನ್ನು ಅವರು ಜೊತೆಯಾಗಿ ಬೈದ ಸೊಗಸನ್ನು ತಾವು ಕೇಳಬೇಕಿತ್ತು. ನಿನ್ನೆ ಭಾನುವಾರ, ಡೆಲ್ಮರ್ ಎರಡು ಸಲ ಬಡಿಸಿಕೊಂಡರು. ಇದಕ್ಕಾಗಿ ತಮಗೆ ನನ್ನ ಕೃತಜ್ಞತೆಗಳು ಸಲ್ಲತಕ್ಕದ್ದು, ಎಪ್ಪತ್ತಕ್ಕೆ ಅರುವತ್ತನಾಲ್ಕರಷ್ಟು.

ಇನ್ನೂ ಯಾರಿಂದಲೂ ಅಂಕ ಪಡೆಯದ,
ತಮ್ಮ ವಿಶ್ವಾಸಿ,
ಅರ್ಡಿತ್ ಹಾರ್ಮ್ಸ್

ಮರೆತ ಮಾತು: ಆ ಡಾಲರ್ ಸದ್ಯದಲ್ಲೇ ಮೂರನೆಯ ಸಲ ತಮ್ಮ ಮೇಜಿಗೆ ಬರಲಿದೆ. ತಮಗೆ ತಿಳಿದ ಅಂಕ ಕೊಡಿ, ನನ್ನ ಅಡ್ಡಿಯಿಲ್ಲ. ಆದರೆ ಅಕಸ್ಮಾತ್ ಅರುವತ್ತೇಳು ಬಂದರೆ, ದಯವಿಟ್ಟು ಯಾರಿಗೂ ಹೇಳಬೇಡಿ. ಮುಂದಿನ ಭಾನುವಾರಕ್ಕೆ ಹಂದಿಮಾಂಸ ತಂದಿಟ್ಟಾಗಿದೆ, ಮೂವರಿಗೆ.