ಚಹಾ ತರಲು ಕಳಿಸುತ್ತಿದ್ದ ಕಾಕಾ

ನಮ್ಮ ಕಾಕಾ ಮದುವೆಗೆ ಬಂದರೆ ಐವತ್ತು ದಾಟಿದ ಗಂಡಸರೆಲ್ಲ ಊಟದ ಪಂಕ್ತಿಯ ಆ ತುದಿಗೆ ಸರಿಯುತ್ತಿದ್ದರು. ಅಪ್ಪನ ತಮ್ಮನಾದ ಈ ಕಾಕಾ ಜಗಳಗಂಟರಲ್ಲ, ಕುಡುಕರಂತೂ ಅಲ್ಲವೇ ಅಲ್ಲ. ಆದರೆ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದವರ ಪಕ್ಕ ಕುಳಿತು, ಇಡೀ ಪಂಕ್ತಿಗೆ ಕೇಳುವಂತೆ ಒಂದು ಪ್ರಶ್ನೆ ಹಾಕುತ್ತಿದ್ದರು:

"ಒಂದಕ್ಕ ಹೋದ್ರ ಬರಾಬರ್ ಆಗ್ತದೇನ್ರಿ?"

ಹೋಳಿಗೆ ಗಂಟಲಲ್ಲೇ ನಿಲ್ಲದೆ ಇನ್ನೇನಾದೀತು! ಜಹೀರಾಬಾದಿನ ಒಂದು ಮದುವೆಯಲ್ಲಿ ಅವರು ವರನ ತಂದೆಯನ್ನೇ ಹಿಡಿದರು. ಆ ಹಿರಿಯರು ಕೆಂಪಾಗಿ, "ಇದೇನ್ ಕೇಳೋ ಜಾಗಾ ಏನ್ರಿ?" ಎಂದರು.

"ದವಾಖಾನಿಗಿ ಕರೆದ್ರ ಯಾರೂ ಬರಂಗಿಲ್ರಿ. ಹೋಳಿಗಿಗಿ ಎಲ್ಲರೂ ಬರ್ತಾರ," ಎಂದು ಕಾಕಾ ತುಪ್ಪದ ಪಾತ್ರೆಯನ್ನು ಅವರತ್ತ ಸರಿಸಿದರು.

ಅವರು ಮೊದಲಿನಿಂದಲೂ ಹೀಗಿದ್ದರೆಂದುಕೊಳ್ಳಬೇಡಿ. ಅವರಷ್ಟು ನಾಚಿಕೆಯ ಮನುಷ್ಯ ತಾಂಡೂರಿನಲ್ಲೇ ಇರಲಿಲ್ಲ. ಅಲ್ಲಿ ಅವರದು ತೊಗರಿ ವ್ಯಾಪಾರ. ಬಶೀರಾಬಾದ್ ಕಡೆಗೆ ಜೀಪು ಹೊರಟರೆ ದಾರಿಯುದ್ದಕ್ಕೂ ನಿಲ್ಲಿಸಿ, "ತೊಗರಿ ಹೆಂಗದ ನೋಡ್ಕೊಂಡ್ ಬರ್ತೀನಿ," ಎಂದು ಹೊಲಕ್ಕಿಳಿಯುತ್ತಿದ್ದರು. ತಲೆಮಟ್ಟದ ಗಿಡಗಳ ನಡುವೆ ಅವರ ಬಿಳಿ ಟೋಪಿಯಷ್ಟೇ ಕಾಣುತ್ತಿತ್ತು, ಬಹಳ ಹೊತ್ತು. ಎಂಥ ಶ್ರದ್ಧೆ! ಒಬ್ಬ ರೈತನಂತೂ ಸಾವ್ಕಾರರು ತನ್ನ ಹೊಲಕ್ಕೇ ಮತ್ತೆ ಮತ್ತೆ ಇಳಿಯುವುದನ್ನು ಕಂಡು, ತನ್ನ ತೊಗರಿಯಲ್ಲಿ ಏನೋ ಮಹಿಮೆ ಇದೆಯೆಂದು ಬಗೆದು, ಅದನ್ನು ಯಾರಿಗೂ ಮಾರದೆ ಇಟ್ಟುಕೊಂಡ. ನಿಜ ಹೇಳಲು ಕಾಕಾನಿಗೆ ಬಾಯಿ ಬರಲಿಲ್ಲ. ಅಷ್ಟೂ ಚೀಲಗಳನ್ನು ತಾವೇ ಕೊಂಡರು.

ಕಟಾವು ಮುಗಿದು ಹೊಲ ಬೋಳಾದ ಮೇಲೂ ಅವರು ತೊಗರಿ ನೋಡಲು ಇಳಿದಾಗ ಯಾರಿಗಾದರೂ ಅನುಮಾನ ಬರಬೇಕಿತ್ತು. ಬರಲಿಲ್ಲ. ನಾವು ನಕ್ಕೆವು.

ಆಮೇಲೆ ಬೆನ್ನು ನೋವು ಶುರುವಾಯಿತು. ನಮ್ಮ ಮನೆತನದಲ್ಲಿ ಗಂಡಸರು ದವಾಖಾನೆಗೆ ಹೋದರೆ ಓದಿದ ಮಗಳು ಜೊತೆಗೆ ಹೋಗುವುದು ರೂಢಿ. ಡಾಕ್ಟರ್ ಹೇಳಿದ್ದನ್ನು ಮನೆಗೆ ಬಂದು ಎಲ್ಲರಿಗೂ ತಿಳಿಸುವ ಕೆಲಸ ಅವಳದು. ಕಾಕಾನ ಮಗಳು ಶಾಲೆಯ ಶಿಕ್ಷಕಿ. ರಜೆ ಹಾಕಿ ಪ್ರತಿ ಸಲವೂ ಹೋದಳು, ಅಪ್ಪನ ಪಕ್ಕದಲ್ಲೇ ಕುಳಿತಳು.

"ಬೇರೇನಾದರೂ ತೊಂದರೆ?" ಎಂದು ಡಾಕ್ಟರ್ ಕೇಳುವರು.

"ಬ್ಯಾರೆ ಏನಿಲ್ರಿ. ಬೆನ್ನೊಂದೇ," ಎಂದು ಕಾಕಾ ಮಗಳತ್ತ ನೋಡಿ ಹೇಳುವರು.

ಹೀಗೆ ವರ್ಷವಿಡೀ ಅವರಿಗೆ ಮಗಳೆದುರು ಹೇಳಬಹುದಾದ ಕಾಯಿಲೆ ಮಾತ್ರ ಇತ್ತು! ಹೈದರಾಬಾದಿನಲ್ಲಿ ಪರೀಕ್ಷೆಯಾದಾಗ ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಮೂಳೆಗೆ ಹೋಗಿ ಮುಟ್ಟಿತ್ತು.

ಕಾಕಾ ನಾಚಿಕೆ ಬಿಟ್ಟಿದ್ದು ಅಂದಿನಿಂದ. ಮದುವೆ ಮನೆಯ ಪ್ರಶ್ನೆಗೆ ಯಾರಾದರೂ ತಡವರಿಸಿದರೆ ಸಾಕು, ಅವರ ಜೊತೆ ದವಾಖಾನೆಗೆ ತಾವೇ ಹೊರಡುವರು. ಡಾಕ್ಟರ ಎದುರು ಕುಳಿತ ಕೂಡಲೇ, ಜೊತೆ ಬಂದ ಮಗಳಿಗೋ ಸೊಸೆಗೋ ಹುಕುಂ: "ಅವ್ವಾ, ಒಂದ್ ಚಹಾ ತಗೊಂಡ್ ಬಾ. ಶಕ್ಕರಿ ಕಮ್ಮಿ." ಅವಳು ಹೋದ ಮೇಲೆ ಬಾಗಿಲು ಹಾಕಿ, "ಈಗ ಕೇಳ್ರಿ ಸಾಹೇಬ್ರ, ಎಲ್ಲಾ ಹೇಳ್ತಾರ," ಎನ್ನುವರು.

"ಅಪ್ಪಾ, ಈ ಚಹಾದ ಚಟ ಯಾವಾಗ ಹತ್ತಿತು ನಿನಗ?" ಎಂದು ಕಾಕಾನ ಮಗಳು ಒಮ್ಮೆ ಕೇಳಿದ್ದಳು.

"ಮುದುಕ ಆದ್ನಲ್ಲವ್ವಾ," ಎಂದಷ್ಟೇ ಹೇಳಿ ಕಾಕಾ ನಕ್ಕರು. ನಿಜವಾದ ಕಾರಣವನ್ನು ಅವಳಿಗೆ ಕೊನೆಯವರೆಗೂ ಹೇಳಲಿಲ್ಲ. ಅವಳೇ ತಿಳಿದುಕೊಂಡಳು. ಇದನ್ನು ಬರೆಯೆಂದು ನನಗೆ ಹೇಳಿದವಳೂ ಅವಳೇ.

ಬರೆಯುವಾಗ ಇಷ್ಟನ್ನು ನೇರವಾಗಿ ಹೇಳಬೇಕು. ಪದೇ ಪದೇ ಒಂದಕ್ಕೆ ಹೋಗಬೇಕೆನಿಸುವುದೆಲ್ಲ ಕ್ಯಾನ್ಸರ್ ಅಲ್ಲ; ವಯಸ್ಸಾದಂತೆ ಆ ಗ್ರಂಥಿ ಸುಮ್ಮನೆ ದಪ್ಪಗಾಗುವುದೂ ಉಂಟು. ಕ್ಯಾನ್ಸರ್ ಇದ್ದರೂ ಶುರುವಿನಲ್ಲಿ ಏನೂ ಗೊತ್ತಾಗದಿರಬಹುದು. ಯಾವುದೆಂದು ಡಾಕ್ಟರ್ ಹೇಳಬೇಕು. ಅವರಿಗೆ ನಾವು ಹೇಳಬೇಕು.

ಕಾಕಾನ ಮಾತು ಕೇಳದವರೆಂದರೆ ನಾರಾಯಣಖೇಡದಲ್ಲಿದ್ದ ನಮ್ಮಪ್ಪ ಒಬ್ಬರೇ. ಕೋಲೂರಿಕೊಂಡು ಬಂದ ಕಾಕಾ ಪಡಸಾಲೆಯಲ್ಲಿ ಕುಳಿತು, ಅಣ್ಣ ಹೊರಡುವವರೆಗೂ ರೊಟ್ಟಿ ಮುಟ್ಟುವುದಿಲ್ಲ ಎಂದರು.

"ನನಗೇನಾಗ್ಯಾದೋ ಹುಚ್ಚಾ? ಗಟ್ಟಿ ಇದ್ದೀನಿ."

"ನಾನೂ ಗಟ್ಟಿನೇ ಇದ್ದೆ ಅಣ್ಣಾ. ತೊಗರ್ಯಾಗ ಒಂದಕ್ಕ ನಿಂತಾಗ ನೀನರೆ ನೋಡಿದ್ಯೇನು?"

ಅಪ್ಪ ಎದ್ದು ಚಪ್ಪಲಿ ಮೆಟ್ಟಿದರು. ಜೊತೆಗೆ ನಾನು ಹೋದೆ. ಡಾಕ್ಟರ ಕೋಣೆಯಲ್ಲಿ ಕಾಕಾ ನನ್ನತ್ತ ತಿರುಗಿದರು: "ಅವ್ವಾ, ಚಹಾ." ಮುಚ್ಚಿದ ಬಾಗಿಲ ಹೊರಗೆ ಕಪ್ಪುಗಳನ್ನು ಹಿಡಿದು ನಿಂತೆ. ಚಹಾ ಆರಿತು. ಪರೀಕ್ಷೆಗಳಲ್ಲಿ ಅಪ್ಪನಿಗೂ ಅದೇ ಕಾಯಿಲೆ ಎಂದು ಗೊತ್ತಾಯಿತು. ಆದರೆ ಅದಿನ್ನೂ ಗ್ರಂಥಿ ದಾಟಿರಲಿಲ್ಲ.

ತೊಗರಿ ಹೂ ಬಿಡುವ ಹೊತ್ತಿಗೆ ಕಾಕಾ ಹೋದರು.

ಮುಂದಿನ ಸಲ ದವಾಖಾನೆಗೆ ಹೋದಾಗ, "ಈಗ ಹೇಗಿದೆ?" ಎಂದು ಡಾಕ್ಟರ್ ಕೇಳಿದರು. ಅಪ್ಪ ಗೋಡೆ ನೋಡಿದರು. ನನ್ನ ಕೆಲಸ ನನಗೆ ಗೊತ್ತಿತ್ತು. ಎದ್ದು ನಿಂತೆ.

"ಎಲ್ಲಿಗಿ ಹೊಂಟಿ?"

"ಚಹಾ ತರ್ತೀನಪ್ಪಾ."

ಅಪ್ಪ ಪಕ್ಕದ ಖಾಲಿ ಕುರ್ಚಿಯ ಮೇಲೆ ಕೈಯಿಟ್ಟರು.

"ಚಹಾ ಹೇಳಾಂವ ಹೋದ. ನೀ ಕೂಡು," ಎಂದು, ನನ್ನೆದುರೇ, ಡಾಕ್ಟರಿಗೆ ಎಲ್ಲವನ್ನೂ ಹೇಳತೊಡಗಿದರು.