ಮೇಷ್ಟ್ರ ದವಡೆ ಬಾವು

ಹಲ್ಲಿನ ವಿಷಯ ಹೆಚ್ಚು ತಿಳಿದವನಿಗೆ ಹಲ್ಲುನೋವು ಬರಬಾರದು. ಬಂದರೆ ಯಾರ ಹತ್ತಿರವೂ ಹೇಳಿಕೊಳ್ಳುವಂತಿಲ್ಲ. ಕೋಲಾರದ ಒಂದು ಕಾಲೇಜಿನಲ್ಲಿ ದಂತ ಆರೋಗ್ಯದ ವಿದ್ಯಾರ್ಥಿಗಳಿಗೆ ಬಾಯಿಯ ರಚನೆ, ಸೋಂಕು, ನೋವು, ಆಂಟಿಬಯಾಟಿಕ್ ಎಂದು ಹನ್ನೊಂದು ವರ್ಷದಿಂದ ಪಾಠ ಹೇಳುತ್ತಿರುವವನು ನಾನು. ಕೆಳದವಡೆಯ ಹಿಂದಿನ ಹಲ್ಲಿನ ಬೇರಿನಲ್ಲಿ ಕೀವು ಕಟ್ಟಿದರೆ ಅದು ಹೇಗೆ ನಾಲಿಗೆಯಡಿಗೆ ಹರಡಿ, ಅಲ್ಲಿಂದ ಕತ್ತಿಗಿಳಿದು ಉಸಿರನ್ನೇ ಕಟ್ಟಿಸಬಹುದು ಎಂಬುದನ್ನು ಬೋರ್ಡಿನ ಮೇಲೆ ಬಾಣ ಎಳೆದು ತೋರಿಸುತ್ತೇನೆ. ಆ ಬಾಣ ನನ್ನ ದವಡೆಯಲ್ಲೇ ಹೊರಟಾಗ ಮಾತ್ರ ನನ್ನ ಬುದ್ಧಿ ರಜೆ ಹಾಕಿತ್ತು.

ಸೋಮವಾರ ನೋವು ಶುರುವಾಯಿತು. ಕಾಲೇಜಿನ ಕ್ಲಿನಿಕ್ಕಿನಲ್ಲಿ ಬಾಯಿ ತೆರೆದರೆ ಸುತ್ತ ನನ್ನ ವಿದ್ಯಾರ್ಥಿಗಳೇ ನಿಲ್ಲುತ್ತಾರೆ. ಮೇಷ್ಟ್ರ ಬಾಯಲ್ಲೇ ಹುಳುಕು ಹಲ್ಲು! ಮಾನ ಹೋಗುವುದಕ್ಕಿಂತ ಹಲ್ಲು ಹೋಗುವುದೇ ಮೇಲು ಎಂದುಕೊಂಡು, ಹೋದ ವರ್ಷ ಹೆಂಡತಿಯ ಕೆಮ್ಮಿಗೆ ಡಾಕ್ಟರು ಬರೆದುಕೊಟ್ಟು ಮಿಕ್ಕಿದ್ದ ನಾಲ್ಕು ಆಂಟಿಬಯಾಟಿಕ್ ಮಾತ್ರೆಗಳನ್ನು ಬೀರುವಿನಿಂದ ಹುಡುಕಿ ತೆಗೆದು ನುಂಗಿದೆ. ಬೇರೆಯವರಿಗೆ ಬರೆದ ಮಾತ್ರೆ ನುಂಗಬಾರದೆಂದು ನನ್ನ ನೋಟ್ಸಿನಲ್ಲಿದೆ, ಅದರಡಿ ಗೆರೆ ಬೇರೆ ಹಾಕಿಸಿದ್ದೇನೆ. ಹೇಳುವುದು ಆಚಾರ, ಮಾಡುವುದು ಅನಾಚಾರ. ಬುಧವಾರ ನೋವು ತಗ್ಗಿತು, ಗೆದ್ದೆ ಎಂದು ಮೀಸೆ ತಿರುವಿದೆ. ಗುರುವಾರ ಬೆಳಗ್ಗೆ ದವಡೆಯಡಿ ಗಟ್ಟಿ ಬಾವು. ಒಂದು ಬೆರಳು ತೂರುವಷ್ಟೂ ಬಾಯಿ ತೆರೆಯುತ್ತಿಲ್ಲ. ಉಗುಳು ನುಂಗಲು ಹೋದರೆ ಕಣ್ಣಲ್ಲಿ ನೀರು. ಇದರ ಮುಂದಿನ ಹಂತ ಏನೆಂಬುದು ನನಗೆ ಬಾಯಿಪಾಠ.

ವಕ್ಕಲೇರಿಯ ನಮ್ಮ ಮನೆಯಲ್ಲಿ ಎರಡು ಸೀಮೆಹಸು ಸಾಕಿರುವವಳು ಅಮ್ಮ. ಡೈರಿಗೆ ಹಾಲು ಹಾಕಿ ಬಂದವಳು ನನ್ನ ಮುಖ ನೋಡಿ ಅಲ್ಲೇ ನಿಂತಳು.

“ಏನ್ಲಾ ಇದು, ಮುಖ ಹಿಂಗಾಗೈತೆ?”

ನಾನು ಖಾಲಿ ಮಾತ್ರೆ ಹಾಳೆ ತೋರಿಸಿ, ಹಲ್ಲು ಬಿಗಿದುಕೊಂಡೇ ಅದು ಯಾರದೆಂದು ಹೇಳಿದೆ.

“ಲೇ, ನಮ್ಮ ಗೌರಿಗೆ ಕೆಚ್ಚಲುಬಾವು ಬಂದಾಗ ಡಾಕ್ಟ್ರು ಏನ್ ಮಾಡಿದ್ರು? ಮೊದ್ಲು ಕೆಟ್ಟ ಹಾಲೆಲ್ಲ ಹಿಂಡಿ ತೆಗೆದು, ಆಮೇಲೆ ತಾನೇ ಮದ್ದು ಹಾಕಿದ್ದು? ಹೇಳಿದಷ್ಟು ದಿನಾನೂ ಸೂಜಿ ಹಾಕಿಸ್ಲಿಲ್ವಾ? ಒಳಗೆ ಕೀವು ಇಟ್ಕೊಂಡು, ಸೊಸೆ ಕೆಮ್ಮಿನ ಮಾತ್ರೆ ನುಂಗಿದೀಯಲ್ಲೋ! ಪದ ಪದ, ನಡಿ, ಎದ್ದೇಳು!”

ಗಾಬರಿಯಾದರೆ ಅಮ್ಮನ ಬಾಯಲ್ಲಿ ತೆಲುಗು ಬರುತ್ತದೆ. ನಾನು ಒಂದು ತಿಂಗಳು ಎಳೆಯುವ ಪಾಠವನ್ನು ಅವಳು ಕೊಟ್ಟಿಗೆ ಬಾಗಿಲಲ್ಲಿ ನಿಂತು ಒಂದೇ ಉಸಿರಿನಲ್ಲಿ ಮುಗಿಸಿದ್ದಳು. ಆಟೋ ಹತ್ತಿಸಿ ಪಕ್ಕದಲ್ಲಿ ಕೂತಳು. ಕೋಲಾರದವರೆಗೂ ರಸ್ತೆಯ ಪ್ರತಿ ಉಬ್ಬಿಗೂ ಉಸಿರು ಸಲೀಸಾಗಿ ಆಡುತ್ತಿದೆಯೇ ಎಂದು ಪರೀಕ್ಷಿಸಿಕೊಂಡೆ. ನಾಲಿಗೆ ಮೇಲೆದ್ದಂತೆ ಅನಿಸುತ್ತಿತ್ತು. ನಿಜ ಹೇಳುತ್ತೇನೆ, ಸತ್ತೇ ಹೋಗುತ್ತೇನೆಂದು ಹೆದರಿದ್ದೆ. ಅಮ್ಮನ ಕೈ ಬಿಡಲಿಲ್ಲ.

ನಮ್ಮ ಕಾಲೇಜಿನ ಆಸ್ಪತ್ರೆಯಲ್ಲಿ, ದಿನಾ ನನ್ನೊಡನೆ ಟೀ ಕುಡಿಯುತ್ತ ತಮಾಷೆ ಮಾಡುವ ಸರ್ಜನ್ ಆವತ್ತು ನಗಲಿಲ್ಲ. “ಇನ್ನೂ ತಡ ಮಾಡಿದ್ರೆ ಉಸಿರಾಡೋಕೆ ಕತ್ತಲ್ಲಿ ದಾರಿ ಕೊಯ್ಯಬೇಕಾಗ್ತಿತ್ತು, ಮೇಷ್ಟ್ರೇ,” ಎಂದರು. ಅಡ್ಮಿಟ್ ಮಾಡಿಕೊಂಡು, ಹಲ್ಲು ಕಿತ್ತು, ಕೀವು ತೆಗೆದು, ರಕ್ತನಾಳಕ್ಕೇ ಔಷಧಿ ಹಾಕಿದರು.

ಉಸಿರು ಹಗುರಾಗಿ, ಬಾಯಿ ತುಂಬ ಹತ್ತಿಬಟ್ಟೆ ಕಚ್ಚಿಕೊಂಡು ಮಲಗಿದ್ದಾಗ ಮುಳಬಾಗಿಲಿನ ಭಾಗ್ಯ, ನನ್ನ ಎರಡನೇ ವರ್ಷದ ವಿದ್ಯಾರ್ಥಿನಿ, ಕೇಸ್ ಶೀಟ್ ಹಿಡಿದು ಬಂದಳು. “ಸಾರ್, ರೋಗಿ ಹೇಳಿದ್ದನ್ನ ಅವರ ಮಾತಲ್ಲೇ ಬರೀಬೇಕು ಅಂತ ನೀವೇ ಹೇಳಿದ್ರಲ್ಲ. ಬರೋಕೆ ಯಾಕೆ ತಡ ಆಯ್ತು ಸಾರ್?”

ಮಾತಾಡುವಂತಿರಲಿಲ್ಲ. ಅವಳ ಪೆನ್ನು ಇಸಿದುಕೊಂಡು ಅಂಗೈ ಮೇಲೆ ಬರೆದು ತೋರಿಸಿದೆ: ‘ಮೇಷ್ಟ್ರಾಗಿದ್ದರಿಂದ.’

ಭಾಗ್ಯ ನಗದೆ ಅದನ್ನು ಹಾಗೇ ಶೀಟಿಗೆ ಇಳಿಸಿಕೊಂಡಳು. ಮಕ್ಕಳು ಬರೆದ ಕೇಸ್ ಶೀಟುಗಳನ್ನೆಲ್ಲ ತಿದ್ದಿ ಸಹಿ ಹಾಕುವವನು ನಾನೇ. ಮುಂದಿನ ವಾರ ಅದೂ ಮೇಜಿನ ಮೇಲೆ ಬಂತು. ಕೆಂಪು ಪೆನ್ನು ಹಿಡಿದು ತುಂಬ ಹೊತ್ತು ನೋಡಿದೆ, ತಿದ್ದಲು ಒಂದು ತಪ್ಪೂ ಸಿಗಲಿಲ್ಲ.