‘ಆತು’ ಎಂದರೆ ಸಾಕು

ನನ್ನ ಮೈದುನ ಅಚ್ಯುತ ಒಂದು ಪೆಟ್ಟಿಗೆಯನ್ನು ಎತ್ತಿಕೊಂಡು ಬಂದು, ಧಾರವಾಡದ ನಮ್ಮ ಅಡುಗೆಮನೆಯ ಮೂಲೆಯಲ್ಲಿಟ್ಟು, ಗಂಟಲು ಸರಿಪಡಿಸಿಕೊಂಡ.

“ವೈನಿ, ಇವನ ಹೆಸರು ಸಾರಥಿ. ಇನ್ನ ಮ್ಯಾಲೆ ನಾ ‘ಆತು’ ಅಂದ್ರ ಸಾಕು.”

ಅಚ್ಯುತ ಊರಿನ ರಕ್ತದಾನಿಗಳ ವೆಬ್‌ಸೈಟ್ ನಡೆಸುತ್ತಾನೆ. ಯಾರ ರಕ್ತ ಯಾವ ಗುಂಪು, ಯಾವ ನಂಬರಿಗೆ ಫೋನ್ ಮಾಡಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಒಂದಕ್ಷರ ತಿದ್ದಿದರೂ ಪ್ರೋಗ್ರಾಮನ್ನು ಮತ್ತೆ ಕಟ್ಟಿ, ಪರೀಕ್ಷಿಸಿ, ಸರ್ವರ್‌ಗೆ ಏರಿಸಬೇಕು. ಒಂಬತ್ತು ಹಂತ, ಪ್ರತಿಸಲವೂ ಒಂದನ್ನು ಮರೆಯುತ್ತಿದ್ದ. ಈಗ ಒಂಬತ್ತನ್ನೂ ಸಾರಥಿಯೇ ಮಾಡುತ್ತದಂತೆ. ಅಚ್ಯುತ ‘ಆತು’ ಎಂದ. ಹಸಿರು ದೀಪ ಹೊತ್ತಿತು, ಸೈಟು ಹೊಸದಾಯಿತು. ನಾವು ಚಪ್ಪಾಳೆ ತಟ್ಟಿದೆವು.

ಆದರೆ ಧಾರವಾಡದಲ್ಲಿ ‘ಆತು’ ಅನ್ನದೆ ಯಾರಿಗೆ ದಿನ ಕಳೆಯುತ್ತದೆ? ಮರುದಿನ ಅವನ ಹೆಂಡತಿ ವೃಂದಾ ಫೋನಿನಲ್ಲಿ ತಾಯಿಗೆ ‘ಆತು, ಇಡ್ತೀನಿ’ ಎಂದಳು. ಅರ್ಧ ತಿದ್ದಿದ ಪುಟ ಹಾಗೆಯೇ ಏರಿತು. ರಕ್ತದ ಗುಂಪುಗಳ ಜಾಗವೆಲ್ಲ ಖಾಲಿ. ಆ ಶಬ್ದವನ್ನೇ ಬದಲಿಸಿ ಎಂದಳು ಅವಳು. ಅವನಿಗೆ ಅದು ಅವಮಾನವೆನಿಸಿತು. ಖಾಲಿ ಕಂಡಲ್ಲಿ ಮನೆಯ ಮಾತು ಕೇಳಿ ತಾನೇ ತುಂಬಿಕೊಳ್ಳುವಂತೆ ಸಾರಥಿಗೆ ಕಲಿಸಿದ. ಸಂಜೆಯ ಹೊತ್ತಿಗೆ ನಿವೃತ್ತ ಹೆಡ್‌ಮಾಸ್ತರರೊಬ್ಬರ ರಕ್ತದ ಗುಂಪು ‘ಅರ್ಧ ಕಿಲೊ ಮುಳಗಾಯಿ’ ಎಂದಾಗಿತ್ತು. ಅವರು ಖುದ್ದಾಗಿ ಬಂದು, ತಾವು ಬದನೆಕಾಯಿ ತಿನ್ನುವುದೇ ಇಲ್ಲ ಎಂದು ತಿಳಿಸಿ ಹೋದರು.

ಬುಧವಾರ ಜೋಳದ ಭಕ್ರಿ ಬಡಿಯುತ್ತ ನಾನು ವೃಂದಾಗೆ ಒಂದು ಗುಟ್ಟು ಹೇಳಿದೆ. ನನ್ನದು ಬಿ ನೆಗೆಟಿವ್, ಸಿಗುವುದು ಅಪರೂಪ. ಐವತ್ತೆರಡು ವರ್ಷವಾದರೂ ಸೂಜಿಗೆ ಹೆದರಿ ಒಮ್ಮೆಯೂ ಕೊಟ್ಟಿಲ್ಲ. ಮೈದುನನ ಪಟ್ಟಿಯಿಂದಲೂ ತಪ್ಪಿಸಿಕೊಂಡಿದ್ದೇನೆ. ಭಕ್ರಿ ಆತೇನು ಎಂದು ಅವಳು ಕೇಳಿದಳು. ಆತು ಎಂದೆ. ಮೂಲೆಯಲ್ಲಿ ಹಸಿರು ದೀಪ ಹೊತ್ತಿತು. ಮನೆಯ ಫೋನ್ ನಂಬರು ಅದಕ್ಕೆ ಮೊದಲೇ ಗೊತ್ತಿತ್ತು.

ಅರ್ಧ ಗಂಟೆಯಲ್ಲಿ ಫೋನ್ ಬಂತು. ಯಾರೋ ರುದ್ರಗೌಡ. ಹೆಂಡತಿಗೆ ಹೆರಿಗೆಯಾಗಿದೆ, ರಕ್ತಸ್ರಾವ ನಿಲ್ಲುತ್ತಿಲ್ಲ ಎಂದ.

“ಅಕ್ಕಾರ, ನಿಮ್ಮ ಹೆಸರ ಈಗ ಕಾಣ್ತು. ಮುಂಜಾನಿಂದ ಹುಡುಕಾಕ ಹತ್ತೀನ್ರಿ.”

ಅದು ಪೆಟ್ಟಿಗೆಯ ತಪ್ಪು ಎನ್ನಲು ಬಾಯಿ ತೆರೆದೆ. ಆದರೆ ಆ ಕಡೆ ಅವನು ಏದುಸಿರು ಬಿಡುತ್ತ ಕಾಯುತ್ತಿರುವುದು ಕೇಳಿಸಿತು.

“ಬಂದೆ” ಎಂದೆ.

ಅಚ್ಯುತ ಸ್ಕೂಟರ್ ಓಡಿಸುತ್ತ ದಾರಿಯುದ್ದಕ್ಕೂ ಕ್ಷಮೆ ಕೇಳಿದ. ಆಸ್ಪತ್ರೆಯಲ್ಲಿ ತಪಾಸಣೆ ಮುಗಿಸಿ ಮಲಗಿಸಿದರು. ನಾನು ಕಣ್ಣು ಮುಚ್ಚಿಕೊಂಡೆ. ಇರುವೆ ಕಚ್ಚಿದಷ್ಟೇ ನೋವು. ಇದಕ್ಕಾಗಿ ಇಷ್ಟು ವರ್ಷ ಹೆದರಿದೆನಲ್ಲ ಎಂದು ನಾಚಿಕೆಯಾಯಿತು.

ಸಂಜೆ ಡಾಕ್ಟರು ತಾಯಿಗೆ ಅಪಾಯವಿಲ್ಲ ಎಂದರು. ರುದ್ರಗೌಡ ಕೈಮುಗಿದು ನಿಂತ. ಮಗುವನ್ನು ನನ್ನ ಮಡಿಲಲ್ಲಿಟ್ಟ. ಕೈಮುಗಿಯಬೇಕಾದವಳು ನಾನೇ ಅನ್ನಿಸಿತು.

ಮನೆಗೆ ಬಂದವನೇ ಅಚ್ಯುತ ಸಾರಥಿಯ ವಯರು ಕೀಳಲು ಹೋದ. “ಅಯ್ಯ, ನನ್ನ ಮೊಣಕಾಲ” ಎನ್ನುತ್ತ ಎದ್ದು ನಾನು ಅಡ್ಡ ನಿಂತೆ.

“ಇರಲಿ ಬಿಡೋ. ನಾನಾಗಿ ಎಂದೂ ಹೋಗ್ತಿದ್ದಿಲ್ಲ. ಅದ ನನ್ನ ಕಳಿಸ್ತು.”

ಪೆಟ್ಟಿಗೆ ಅದನ್ನೂ ಕೇಳಿಸಿಕೊಂಡಿತೇನೋ. ಮರುದಿನ ಸೈಟಿನ ಮೊದಲ ಪುಟದಲ್ಲಿ, ಊರಿಗೆಲ್ಲ ಕಾಣುವಂತೆ, ದೊಡ್ಡಕ್ಷರದ ಪ್ರಕಟಣೆ: ‘ಇಂದುಮತಿ ವೈನಿ, ಹೊಸ ಆವೃತ್ತಿ. ಸೂಜಿಯ ಭಯ ಸರಿಪಡಿಸಲಾಗಿದೆ. ಮೊಣಕಾಲು ನೋವು ಮುಂದಿನ ಆವೃತ್ತಿಯಲ್ಲಿ.’

ಎಂಟು ತಿಂಗಳಾಯಿತು. ಮೆಟ್ಟಿಲು ಹತ್ತುವಾಗ ಇನ್ನೂ ನೋಯುತ್ತದೆ.